ಚೇಳಿನ ಕೊಂಡಿಯೂ ನರದ ತೂಬೂ

‘ಕಳ್ಳನಿಗೆ ಚೇಳು ಕುಟುಕಿದ ಹಾಗೆ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ಕತ್ತಲಲ್ಲಿ ಕನ್ನ ಹಾಕಿ ಒಳಹೊಕ್ಕವನು ಅಟ್ಟದ ಮೇಲೆ ಕೈಯಾಡಿಸುವಾಗ ಚೇಳು ಕುಟುಕಿದರೆ ಅವನು ಕೂಗುವಂತಿಲ್ಲ, ಸುಮ್ಮನಿರಲೂ ಆಗುವುದಿಲ್ಲ. ‘ಚೇಳಿಗೆ ಪಾರುಪತ್ಯ ಕೊಟ್ಟರೆ ಜಾವಕ್ಕೆ ಹತ್ತು ಸಲ ಕುಟುಕಿತು’ ಎಂಬ ಇನ್ನೊಂದು ಗಾದೆಯೂ ಉಂಟು. ಎರಡರಲ್ಲಿಯೂ ಚೇಳೆಂದರೆ ಉರಿ, ನೋವು, ಕಿರುಕುಳ. ಸಾವಿನ ಮಾತು ಎರಡರಲ್ಲಿಯೂ ಇಲ್ಲ. ಸಾವಿಗೆಂದು ನಮ್ಮ ಹಿರಿಯರು ಹಾವನ್ನು ಇಟ್ಟುಕೊಂಡಿದ್ದರು. ಆದರೆ ಚೇಳೂ ಕೊಲ್ಲುತ್ತದೆ; ಕೊಲ್ಲುವಾಗ ಎಷ್ಟೋ ಸಲ ನೋವೆಲ್ಲ ಇಳಿದ ಮೇಲೆ ಕೊಲ್ಲುತ್ತದೆ. ಇದನ್ನು ನಾನು ಮೊದಲು ತಿಳಿದದ್ದು ಪುಸ್ತಕದಿಂದಲ್ಲ.

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿ ನನ್ನ ಬಾಲ್ಯ ಕಳೆಯಿತು. ಮಣ್ಣುಗೋಡೆಯ, ನಾಡಹೆಂಚಿನ ಮನೆ. ಒಂದು ಮಗ್ಗುಲಲ್ಲಿ ಕೊಟ್ಟಿಗೆ. ಕೊಟ್ಟಿಗೆಯ ಮೂಲೆಯಲ್ಲಿ ಒಟ್ಟಿದ ಸೌದೆ, ಬೆರಣಿ. ಬೇಸಗೆ ಮುಗಿದು ಮೊದಲ ಮಳೆ ಬಿದ್ದ ಕಾಲ. ಒಂದು ಸಂಜೆ ಅವ್ವ ನನ್ನನ್ನು ಕರೆದು ನಾಲ್ಕು ಬೆರಣಿ ತಾ ಎಂದಳು. ನಾನು ಬುಗುರಿಗೆ ದಾರ ಸುತ್ತುತ್ತಿದ್ದೆ. ನನ್ನ ಬದಲು ತಂಗಿಯನ್ನು ಕಳುಹಿಸಿದೆ. ಅವಳಿಗೆ ಆಗ ಐದು ವರ್ಷ. ಬೆರಣಿಯ ಸಂದಿನಲ್ಲಿದ್ದ ಕೆಂಪು ಚೇಳು ಅವಳ ಹೆಬ್ಬೆರಳಿಗೆ ಕುಟುಕಿತು.

ಅವಳು ಕಿರುಚಿದ ಸದ್ದಿಗೆ ಕೇರಿಯೇ ಸೇರಿತು. ಮಂತ್ರ ಬಲ್ಲ ಹಿರಿಯರೊಬ್ಬರು ಬಂದರು. ನಮಗೆ ದೊಡ್ಡಪ್ಪನ ವರಸೆ. ಬೇವಿನ ಸೊಪ್ಪಿನಿಂದ ಭುಜದಿಂದ ಬೆರಳಿನವರೆಗೆ ನೀವಿ ನೀವಿ ಮಂತ್ರ ಹಾಕಿದರು. ಒಂದು ಗಂಟೆಯಷ್ಟು ಹೊತ್ತಿನಲ್ಲಿ ಅಳು ನಿಂತಿತು. “ಇಳೀತು ಕನವ್ವ, ಮಗ ಮನಿಕಳ್ಳಿ” ಎಂದು ಹೇಳಿ ಅವರು ಎದ್ದರು. ಅಜ್ಜಿ ಅವರ ಮಡಿಲಿಗೆ ಎಲೆ ಅಡಿಕೆ ಹಾಕಿದಳು. ನಾವೆಲ್ಲ ನೆಮ್ಮದಿಯಿಂದ ಮಲಗಿದೆವು. ನಡುರಾತ್ರಿಯಲ್ಲಿ ತಂಗಿ ನನ್ನನ್ನು ಅಲುಗಿಸಿ “ಅಣ್ಣ, ಚಳಿ ಆಯ್ತದೆ” ಎಂದಳು. ಮುಟ್ಟಿ ನೋಡಿದರೆ ಕೈ ಮಂಜಿನ ಹಾಗೆ ತಣ್ಣಗಿತ್ತು. ಹಣೆ, ಬೆನ್ನು ಬೆವರಿನಿಂದ ತೊಯ್ದುಹೋಗಿದ್ದವು. ನಾನು ಕಂಬಳಿ ಎಳೆದು ಹೊದಿಸಿ ಮತ್ತೆ ಮಲಗಿದೆ. ಬೆಳಗಿನ ಜಾವ ವಾಂತಿಯಾಯಿತು, ಉಸಿರು ಮೇಲಾಯಿತು. ಅಪ್ಪ ಗಾಡಿ ಕಟ್ಟಿದ. ಪಾಂಡವಪುರ ಮುಟ್ಟುವ ಮೊದಲೇ ಅವಳ ಬಾಯಲ್ಲಿ ನಸುಗೆಂಪು ನೊರೆ ಬಂತು. ಗಾಡಿಯನ್ನು ದಾರಿಯಲ್ಲಿಯೇ ತಿರುಗಿಸಬೇಕಾಯಿತು.

ಮಂತ್ರ ಹಾಕಿದ ದೊಡ್ಡಪ್ಪ ನಮ್ಮ ಜಗಲಿಯ ಮೇಲೆ ಕುಳಿತು ಮಗುವಿನಂತೆ ಅತ್ತರು. “ನೋವು ಇಳಿದಿತ್ತಲ್ಲಪ್ಪ” ಎಂದು ಅಪ್ಪನಿಗೆ ಮತ್ತೆ ಮತ್ತೆ ಹೇಳಿದರು. ಆ ಮಾತು ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ನೋವು ಇಳಿದ ಮೇಲೆ ಮಗು ಏಕೆ ಸತ್ತಿತು? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಮುಂದೆ ಹಲವು ವರ್ಷ ಕೈಗೆ ಸಿಕ್ಕ ಪುಸ್ತಕಗಳನ್ನು ಓದಿದೆ, ವೈದ್ಯಮಿತ್ರರನ್ನು ಕಾಡಿದೆ. ಉತ್ತರ ಒಂದೇ ಕಡೆ ಸಿಕ್ಕಲಿಲ್ಲ. ಅದರ ಒಂದು ಚೂರು ಹಳೆಯ ಸಂಹಿತೆಯಲ್ಲಿತ್ತು, ಒಂದು ಚೂರು ಇಂಗ್ಲೆಂಡಿನ ಕಡಲತೀರದಲ್ಲಿತ್ತು, ಇನ್ನೊಂದು ಕೊಂಕಣದ ಒಂದು ಸಣ್ಣ ಆಸ್ಪತ್ರೆಯಲ್ಲಿತ್ತು. ಆ ಚೂರುಗಳು ಕೂಡಿಬಂದ ಚರಿತ್ರೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಚೇಳು ನಮಗೆ ಹೊಸ ನೆಂಟನಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಕೀಟಗಳ ಅಧ್ಯಾಯವೊಂದಿದೆ. ಅಲ್ಲಿ ಚೇಳುಗಳನ್ನು ಮಂದವಿಷ, ಮಧ್ಯವಿಷ, ಮಹಾವಿಷ ಎಂದು ಮೂರು ಬಗೆ ಮಾಡಿ, 12, 3, 15ರಂತೆ ಒಟ್ಟು 30 ಜಾತಿಗಳನ್ನು ಎಣಿಸಿದ್ದಾರೆ. ಮಂದವಿಷದವು ಸಗಣಿಯಲ್ಲಿ, ಮಹಾವಿಷದವು ಹಾವಿನ ಕೊಳೆತ ಹೆಣದಲ್ಲಿ ಹುಟ್ಟುತ್ತವೆ ಎಂಬ ಮಾತನ್ನು ಇಂದು ನಾವು ಒಪ್ಪುವುದಿಲ್ಲ. ಆದರೆ ಎಲ್ಲ ಚೇಳೂ ಒಂದೇ ಅಲ್ಲ, ಕೆಲವು ನೋಯಿಸುತ್ತವೆ, ಕೆಲವು ಕೊಲ್ಲುತ್ತವೆ ಎಂಬ ವಿವೇಕ ಆ ವಿಂಗಡಣೆಯಲ್ಲಿದೆ. ಕನ್ನಡದಲ್ಲಿಯೂ ವಿಷವೈದ್ಯಕ್ಕೆ ಹಳೆಯ ಪರಂಪರೆ ಉಂಟು. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಮೊದಲ ದಿನಗಳಲ್ಲಿ, ಮಂಗರಾಜನು ‘ಖಗೇಂದ್ರಮಣಿದರ್ಪಣ’ವನ್ನು ಬರೆದ. ಹದಿನಾರು ಅಧಿಕಾರಗಳ ಈ ಗ್ರಂಥದಲ್ಲಿ ಗಿಡಮೂಲಿಕೆಗಳ ಸ್ಥಾವರ ವಿಷ, ಪ್ರಾಣಿಗಳ ಜಂಗಮ ವಿಷ ಎರಡರ ವಿಚಾರವೂ ಇದೆ. ಔಷಧದ ಜತೆಯಲ್ಲಿ ಮಂತ್ರವೂ ಇದೆ. ವೈದ್ಯವನ್ನು ಕಾವ್ಯದ ಮಾತಿನಲ್ಲಿ ಹೇಳಿದ ಆ ಜೈನ ಕವಿಯ ಕಾಲದಿಂದ ನಮ್ಮ ದೊಡ್ಡಪ್ಪನ ಬೇವಿನ ಸೊಪ್ಪಿನವರೆಗೆ ಒಂದು ಎಳೆ ಹರಿದುಬಂದಿದೆ ಎಂದು ನಾನು ತಿಳಿದಿದ್ದೇನೆ.

ಜನ ಚೇಳನ್ನು ಬರಿಯ ಶತ್ರುವೆಂದು ಬಗೆದವರೂ ಅಲ್ಲ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಎಂಬ ದೇವತೆ ನೆಲೆಸಿದ್ದಾಳೆ; ಅವಳಿಗೆ ನಡೆದುಕೊಂಡವರಿಗೆ ಚೇಳಿನ ಭಯವಿಲ್ಲವೆಂದು ನಂಬಿಕೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯ ದಿನ ಜನ ಕಲ್ಲುಗಳನ್ನು ಎತ್ತಿ, ಅಡಿಯಲ್ಲಿರುವ ಚೇಳುಗಳನ್ನು ಹಿಡಿದು ಅಂಗೈ ಮೇಲೆ, ತೋಳಿನ ಮೇಲೆ ಬಿಟ್ಟುಕೊಳ್ಳುತ್ತಾರೆ. ಮಕ್ಕಳೂ ಹಾಗೆಯೇ ಮಾಡುತ್ತಾರೆ. ಭಯವನ್ನು ಪೂಜಿಸಿ ಪಳಗಿಸುವುದು ನಮ್ಮ ಹಳೆಯ ಜಾಣತನ.

ಹಾಗಾದರೆ ಮಂತ್ರ ಸುಳ್ಳೇ ಎಂದು ಕೇಳಬಹುದು. ಮಂತ್ರ ಹಾಕಿದ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕಿ ಜನ ಗುಣವಾದದ್ದು ಸುಳ್ಳಲ್ಲ. ಹಾಕದಿದ್ದರೂ ಅವರು ಗುಣವಾಗುತ್ತಿದ್ದರು ಎಂಬುದೂ ಸುಳ್ಳಲ್ಲ. ದಪ್ಪ ಇಕ್ಕುಳದ, ಮೈತುಂಬಿದ ಕರಿಯ ಚೇಳು ನೋಡುವುದಕ್ಕೆ ಭಯಂಕರ. ಅದರ ಕುಟುಕು ಸಾಮಾನ್ಯವಾಗಿ ಉರಿಯಲ್ಲಿಯೇ ಮುಗಿಯುತ್ತದೆ. ಇಕ್ಕುಳ ಸಣ್ಣದಾಗಿ ಬಾಲ ದಪ್ಪನಾಗಿರುವ ಕೆಂಪು ಚೇಳೇ ಅಪಾಯದ್ದು. ಎರಡು ಮೂರು ಅಂಗುಲಕ್ಕಿಂತ ಹೆಚ್ಚು ಉದ್ದವಿಲ್ಲದ ಈ ಜೀವಿಗೆ 1798ರಲ್ಲಿಯೇ ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ ‘ಟ್ಯಾಮುಲಸ್’ ಎಂದು ಹೆಸರಿಟ್ಟ. ತಮಿಳು ನಾಡಿನ ನೆನಪು ಆ ಹೆಸರಿನಲ್ಲಿದೆ. ಚೇಳು ಮಾತ್ರ ನಮ್ಮ ನಾಡಿನ ಒಣನೆಲದಲ್ಲಿಯೂ, ಕೊಂಕಣದಲ್ಲಿಯೂ, ಆಂಧ್ರದಲ್ಲಿಯೂ ಬೇಕಾದಷ್ಟು ಸಿಗುತ್ತದೆ. ನಾಟಿ ಮದ್ದುಗಳನ್ನು ಮುಂಬಯಿಯಲ್ಲಿ ಒಂದೊಂದಾಗಿ ಪರೀಕ್ಷಿಸಿದವರೂ ಇದ್ದರು. ಕೈಯಸ್ ಮತ್ತು ಮ್ಹಸ್ಕರ್ ಎಂಬಿಬ್ಬರು 1930ರ ಸುಮಾರಿನಲ್ಲಿ ಈ ಕೆಲಸ ಮಾಡಿ, ಚೇಳಿನ ವಿಷಕ್ಕೆಂದು ಹೆಸರಾಗಿದ್ದ ಎಷ್ಟೋ ಗಿಡಮೂಲಿಕೆಗಳನ್ನು ಉಪಯೋಗವಿಲ್ಲವೆಂದು ತಳ್ಳಿಹಾಕಿದರು. ಯಾವುದು ಮದ್ದಲ್ಲ ಎಂಬುದು ಹೀಗೆ ತಿಳಿಯಿತು. ವಿಷ ಏನು ಮಾಡುತ್ತದೆ ಎಂಬುದು ಇನ್ನೂ ತಿಳಿಯಬೇಕಾಗಿತ್ತು.

ಅದನ್ನು ತಿಳಿಯಬೇಕಾದರೆ ಮೊದಲು ನರ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಾಗಬೇಕು. ಮಂಡ್ಯದ ಸೀಮೆಯವನಾದ ನನಗೆ ಇದನ್ನು ನಾಲೆಯ ಭಾಷೆಯಲ್ಲಿ ಹೇಳುವುದೇ ಸುಲಭ. ಕನ್ನಂಬಾಡಿಯಿಂದ ಬಂದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಗದ್ದೆಗಿಂತ ಎತ್ತರದಲ್ಲಿ ನಿಂತಿರುತ್ತದೆ. ನಾಲೆಗೂ ಗದ್ದೆಗೂ ನಡುವೆ ಏರಿ, ಏರಿಯಲ್ಲಿ ತೂಬು. ತೂಬು ಮುಚ್ಚಿರುವ ತನಕ ನೀರು ಸುಮ್ಮನೆ ನಿಂತಿರುತ್ತದೆ, ತೆರೆದೊಡನೆ ನುಗ್ಗುತ್ತದೆ. ನರದ ಎಳೆಯೂ ಹಾಗೆಯೇ. ಅದರ ಸುತ್ತಲೂ ಒಂದು ತೆಳುವಾದ ಪೊರೆ. ಪೊರೆಯ ಹೊರಗೆ ಸೋಡಿಯಂ ಹೆಚ್ಚು, ಒಳಗಿರುವುದಕ್ಕಿಂತ ಹತ್ತರಷ್ಟು. ಒಳಗೆ ಪೊಟಾಸಿಯಂ ಹೆಚ್ಚು. ಸೋಡಿಯಂ ಎಂದರೆ ನಮ್ಮ ಅಡಿಗೆ ಉಪ್ಪಿನಲ್ಲಿರುವ ಧಾತುವೇ. ಕರಗಿದಾಗ ಅದರ ಒಂದೊಂದು ಕಣವೂ ಧನ ವಿದ್ಯುತ್ತನ್ನು ಹೊತ್ತಿರುತ್ತದೆ. ಪೊರೆಯ ಒಳಮೈ ಹೊರಮೈಗಳ ನಡುವೆ ಒಂದು ವೋಲ್ಟಿನ ಸಾವಿರದಲ್ಲಿ ಎಪ್ಪತ್ತರಷ್ಟು ವಿದ್ಯುತ್ತಿನ ಅಂತರ ಸದಾ ಇರುತ್ತದೆ. ಇದು ಏರಿಗೆ ಒತ್ತಿ ನಿಂತ ನೀರಿನ ಹಾಗೆ.

ಈ ಅಂತರವೇ ನರದ ಬಂಡವಾಳ ಎಂಬ ಊಹೆಯನ್ನು 1902ರಲ್ಲಿ ಜರ್ಮನಿಯ ಬರ್ನ್‌ಸ್ಟೈನ್ ಮುಂದಿಟ್ಟ. ಸೋಡಿಯಂ ಇಲ್ಲದ ದ್ರವದಲ್ಲಿ ಕಪ್ಪೆಯ ಸ್ನಾಯು ಅದುರುವುದಿಲ್ಲ ಎಂದು ಅದೇ ವರ್ಷ ಓವರ್ಟನ್ ತೋರಿಸಿದ. ಆದರೆ ಎಳೆಯ ಒಳಗೆ ಹೊಕ್ಕು ನೋಡುವುದಕ್ಕೆ ನಮ್ಮ ನರಗಳು ತೀರ ಸಣ್ಣವು. 1936ರಲ್ಲಿ ಯಂಗ್ ಎಂಬ ಪ್ರಾಣಿಶಾಸ್ತ್ರಜ್ಞ, ಸ್ಕ್ವಿಡ್ ಎಂಬ ಕಡಲ ಪ್ರಾಣಿಯಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರು ದಪ್ಪದ ನರತಂತು ಇದೆಯೆಂದು ಲೋಕದ ಗಮನ ಸೆಳೆದ. ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ ಹಾಜ್‌ಕಿನ್, ಹಕ್ಸ್ಲಿ ಎಂಬಿಬ್ಬರು ತರುಣರು 1939ರಲ್ಲಿ ಆ ತಂತುವಿನೊಳಗೆ ಸೂಕ್ಷ್ಮವಾದ ಗಾಜಿನ ಕೊಳವೆಯನ್ನು ತೂರಿಸಿ, ನರದ ಸಂದೇಶ ಹಾದುಹೋಗುವ ಗಳಿಗೆಯಲ್ಲಿ ಒಳಗಿನ ವಿದ್ಯುತ್ತನ್ನು ಅಳೆದರು. ಅಷ್ಟರಲ್ಲಿ ಯುದ್ಧ ಬಂತು, ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಹಿಡಿದು 1952ರಲ್ಲಿ ಸರಣಿಯಾಗಿ ಲೇಖನಗಳನ್ನು ಪ್ರಕಟಿಸಿದರು. ಆಗ ಕೇಂಬ್ರಿಜ್ಜಿನ ಗಣಕಯಂತ್ರ ದುರಸ್ತಿಯಲ್ಲಿದ್ದುದರಿಂದ ಹಕ್ಸ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿಯೇ ದಿನಗಟ್ಟಲೆ ಗುಣಾಕಾರ ಮಾಡಿದ. 1963ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು.

ಅವರು ಕಂಡದ್ದು ಇಷ್ಟು. ಪೊರೆಯ ಒಂದು ಕಡೆ ವಿದ್ಯುತ್ತಿನ ಅಂತರ ಸ್ವಲ್ಪ ತಗ್ಗಿದರೆ ಅಲ್ಲಿನ ಸೋಡಿಯಂ ತೂಬುಗಳು ತೆರೆಯುತ್ತವೆ, ಸೋಡಿಯಂ ಒಳನುಗ್ಗುತ್ತದೆ, ಅದರಿಂದ ಪಕ್ಕದ ತೂಬು ತೆರೆಯುತ್ತದೆ, ಹೀಗೆ ಸುದ್ದಿ ಮುಂದೆ ಮುಂದೆ ಹರಿಯುತ್ತದೆ. ಆದರೆ ತೆರೆದ ತೂಬು ತೆರೆದೇ ಇರುವುದಿಲ್ಲ. ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಹಿಂದಿನಿಂದ ಪೊಟಾಸಿಯಂ ತನ್ನ ಬೇರೆ ದಾರಿಯಲ್ಲಿ, ಬಸಿಗಾಲುವೆಯಲ್ಲಿ ನೀರು ಹೋದ ಹಾಗೆ, ಹೊರಗೆ ಹೋಗಿ ಪೊರೆಯನ್ನು ಮೊದಲಿನ ಸ್ಥಿತಿಗೆ ತರುತ್ತದೆ. ತೂಬಿಗೆ ಎರಡು ಹಲಗೆಗಳಿವೆ ಎಂದು ಭಾವಿಸಿ: ಒಂದು ಎತ್ತುವುದಕ್ಕೆ, ಇನ್ನೊಂದು ತಾನಾಗಿ ಬೀಳುವುದಕ್ಕೆ. ಎರಡನೆಯದು ಸಮಯಕ್ಕೆ ಸರಿಯಾಗಿ ಬೀಳುವುದರಿಂದಲೇ ನಾವು ಒಂದು ಸಲ ಕಣ್ಣು ಮಿಟುಕಿಸಿದರೆ ಅದು ಒಂದೇ ಸಲ ಮಿಟುಕುತ್ತದೆ. ಈ ಎರಡನೆಯ ಹಲಗೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನನ್ನ ಪ್ರಶ್ನೆಗೆ ಉತ್ತರ ಅಲ್ಲಿದೆ.

ತೂಬಿನ ಗುಟ್ಟನ್ನು ಬಿಡಿಸುವುದಕ್ಕೆ ವಿಜ್ಞಾನಿಗಳಿಗೆ ನೆರವಾದದ್ದು ವಿಷಗಳೇ. ಜಪಾನೀಯರು ಹೆದರಿಕೊಂಡೇ ತಿನ್ನುವ ಒಂದು ಬಗೆಯ ಉಬ್ಬುಮೀನಿನ ವಿಷ ಸೋಡಿಯಂ ತೂಬಿಗೆ ಬಿರಡೆ ಜಡಿದಂತೆ ಕೂರುತ್ತದೆ ಎಂದು 1964ರಲ್ಲಿ ನರಹಾಶಿ ಮತ್ತು ಅವನ ಸಂಗಡಿಗರು ತೋರಿಸಿದರು. ಚೇಳಿನ ವಿಷದ ರೀತಿ ಬೇರೆ. 1968ರಲ್ಲಿ ಜರ್ಮನಿಯ ಕೊಪ್ಪನ್‌ಹೋಫರ್ ಮತ್ತು ಶ್ಮಿಟ್ ಎಂಬವರು ಮರುಭೂಮಿಯ ಹಳದಿ ಚೇಳಿನ ವಿಷವನ್ನು ಕಪ್ಪೆಯ ನರಕ್ಕೆ ಸೋಕಿಸಿದರು. ತೂಬು ಸರಿಯಾಗಿಯೇ ತೆರೆಯಿತು. ಆದರೆ ಎರಡನೆಯ ಹಲಗೆ ಸಮಯಕ್ಕೆ ಬೀಳಲಿಲ್ಲ. ಸೋಡಿಯಂ ಹರಿಯುತ್ತಲೇ ಹೋಯಿತು. 1975ರಲ್ಲಿ ಅಮೆರಿಕದ ಕಹಲಾನ್, ಅಲ್ಲಿನ ಚೇಳೊಂದರ ವಿಷದಲ್ಲಿ ಇನ್ನೊಂದು ಬಗೆಯ ತಂಟೆಯನ್ನು ಕಂಡ: ಆ ವಿಷ ಸೋಂಕಿದ ತೂಬು, ತೆರೆಯಬೇಕಾದ ಕಾರಣವೇ ಇಲ್ಲದಾಗಲೂ ತೆರೆದುಕೊಳ್ಳುತ್ತಿತ್ತು. ಮೊದಲ ಬಗೆಗೆ ಆಲ್ಫಾ, ಎರಡನೆಯದಕ್ಕೆ ಬೀಟಾ ಎಂದು ಹೆಸರಾಯಿತು. ನೀರುಗಂಟಿಗೆ ಗೊತ್ತಿಲ್ಲದೆ ರಾತ್ರಿ ತೂಬೆತ್ತುವವನು ಒಬ್ಬ. ನೀರುಗಂಟಿ ಎತ್ತಿದ ತೂಬು ಮತ್ತೆ ಮುಚ್ಚದಂತೆ ಸಂದಿಗೆ ಕಲ್ಲು ಕೊಡುವವನು ಇನ್ನೊಬ್ಬ. ನಮ್ಮ ಊರಿನ ಕಡೆ ಇಬ್ಬರನ್ನೂ ಬಲ್ಲೆವು.

ತೂಬು ಎಂಬುದು ಲೆಕ್ಕದಲ್ಲಿ ಬಂದ ಕಲ್ಪನೆ ಮಾತ್ರವೇ, ಅಥವಾ ಕೈಗೆ ಸಿಗುವ ವಸ್ತುವೇ ಎಂಬ ಸಂಶಯ ಆಗ ಇನ್ನೂ ಉಳಿದಿತ್ತು. ಅದನ್ನು ಪರಿಹರಿಸಿದ್ದೂ ಚೇಳಿನ ವಿಷವೇ ಎಂಬುದು ಈ ಚರಿತ್ರೆಯ ಸೊಗಸು. ವಿಷದ ಕಣ ಬೇರೆಲ್ಲಿಗೂ ಹೋಗದೆ ಸೋಡಿಯಂ ತೂಬಿಗೇ ಹೋಗಿ ಅಂಟಿಕೊಳ್ಳುತ್ತದೆಯಷ್ಟೆ. ಹಾಗಾದರೆ ಆ ಕಣಕ್ಕೆ ಒಂದು ಗುರುತು ಹಚ್ಚಿ ಬಿಟ್ಟರೆ ಅದೇ ತೂಬನ್ನು ಹಿಡಿದು ತೋರಿಸಬೇಕು. ಅಮೆರಿಕದ ಕ್ಯಾಟರಾಲ್ ತನ್ನ ಸಹೋದ್ಯೋಗಿಯೊಡನೆ 1980ರಲ್ಲಿ ಹೀಗೆಯೇ ಮಾಡಿ, ತೂಬು ಒಂದು ದೊಡ್ಡ ಪ್ರೋಟೀನು ಎಂದು ಸಾಧಿಸಿದ. 1984ರಲ್ಲಿ ಜಪಾನಿನ ಕ್ಯೋಟೋದಲ್ಲಿ ನೂಮಾ ಎಂಬವನ ತಂಡ ವಿದ್ಯುತ್ ಹಾಯಿಸುವ ಈಲ್ ಮೀನಿನಿಂದ ಆ ಪ್ರೋಟೀನಿನ ಪೂರ್ತಿ ಜೋಡಣೆಯನ್ನು ಓದಿತು. 1820 ಅಮೈನೋ ಆಮ್ಲಗಳ ಸರಪಣಿ ಅದು. ಒಂದನ್ನೊಂದು ಹೋಲುವ ನಾಲ್ಕು ಭಾಗಗಳು ಸುತ್ತುಗಟ್ಟಿ ನಿಂತು ನಡುವೆ ದಾರಿ ಬಿಟ್ಟಿವೆ. ಒಂದೊಂದು ಭಾಗದಲ್ಲಿಯೂ ವಿದ್ಯುತ್ತಿನ ಏರಿಳಿತವನ್ನು ಅರಿತು ಚಲಿಸುವ ಒಂದು ಕಂಬವಿದೆ. ಮೊದಲ ಮೂರು ಕಂಬಗಳು ಮೇಲೆದ್ದರೆ ತೂಬು ತೆರೆಯುತ್ತದೆ. ನಾಲ್ಕನೆಯದು ಮೇಲೆದ್ದರೆ ಎರಡನೆಯ ಹಲಗೆ ಬೀಳುತ್ತದೆ. ಆಲ್ಫಾ ಬಗೆಯ ಚೇಳಿನ ವಿಷ ಹೋಗಿ ಹಿಡಿಯುವುದು ಈ ನಾಲ್ಕನೆಯ ಕಂಬವನ್ನು. ಅದು ಏಳದಂತೆ ಹಿಡಿದುಬಿಡುತ್ತದೆ. ಬೀಟಾ ಬಗೆಯದು ಎರಡನೆಯ ಕಂಬವನ್ನು ಎದ್ದ ಸ್ಥಿತಿಯಲ್ಲಿಯೇ ನಿಲ್ಲಿಸಿಬಿಡುತ್ತದೆ. 2019ರಲ್ಲಿ ಅತಿ ಶೀತಲ ಸ್ಥಿತಿಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ, ಉತ್ತರ ಆಫ್ರಿಕದ ಚೇಳೊಂದರ ವಿಷ ಈ ನಾಲ್ಕನೆಯ ಕಂಬದ ನೆಲೆಯಲ್ಲಿ ಸಿಕ್ಕಿಕೊಂಡಿರುವ ಚಿತ್ರವನ್ನೇ ತೆಗೆದಿದ್ದಾರೆ.

ಇಷ್ಟು ಕೆಲಸ ಮಾಡುವ ವಿಷದ ಕಣವಾದರೂ ಎಷ್ಟು ದೊಡ್ಡದು? ಅರುವತ್ತು ಎಪ್ಪತ್ತು ಅಮೈನೋ ಆಮ್ಲಗಳ ಒಂದು ಸಣ್ಣ ಸರಪಣಿ. ಗಂಧಕದ ನಾಲ್ಕು ಕೊಂಡಿಗಳಿಂದ ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಚೇಳಿನ ವಿಷದಲ್ಲಿ ಇಂಥವು ಹಲವು ಬಗೆ. ಪೊಟಾಸಿಯಂ ದಾರಿಯನ್ನು ಮುಚ್ಚುವ ಇನ್ನೂ ಚಿಕ್ಕ ಕಣಗಳೂ ಅದರಲ್ಲಿವೆ. ನಮ್ಮ ಕೆಂಪು ಚೇಳಿನಿಂದಲೇ 1990ರಲ್ಲಿ ಬೇರ್ಪಡಿಸಿದ 37 ಅಮೈನೋ ಆಮ್ಲಗಳ ಒಂದು ವಿಷ ಇಂದು ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಉಪಕರಣದಂತೆ ಬಳಕೆಯಲ್ಲಿದೆ. ಅದಕ್ಕೆ ಐಬೀರಿಯೋಟಾಕ್ಸಿನ್ ಎಂದು ಹೆಸರು. ನಮ್ಮ ಹಿತ್ತಿಲ ಚೇಳಿಗೂ ಸ್ಪೇನಿನ ಐಬೀರಿಯಕ್ಕೂ ನಂಟು ಹೇಗೆ ಬಂತೋ ನಾನರಿಯೆ. ಅಂತೂ ಒಳಬರುವ ತೂಬನ್ನು ಮುಚ್ಚಗೊಡದೆ, ಹೊರಹೋಗುವ ಬಸಿಗಾಲುವೆಯನ್ನೂ ಕಟ್ಟಿದರೆ ಗದ್ದೆಯ ಗತಿ ಏನಾಗಬೇಕೋ ನರದ ಗತಿಯೂ ಅದೇ ಆಗುತ್ತದೆ.

ಈಗ ನನ್ನ ತಂಗಿಯ ವಿಚಾರಕ್ಕೆ ಬರಬಹುದು. ಬೆರಳಿನ ನೋವು ಬೆರಳಿನ ನರಗಳದ್ದು. ಅದು ಏರುತ್ತದೆ, ಇಳಿಯುತ್ತದೆ. ಆದರೆ ವಿಷ ಬೆರಳಿನಲ್ಲಿ ನಿಲ್ಲುವುದಿಲ್ಲ, ನೆತ್ತರಿನಲ್ಲಿ ಹರಡುತ್ತದೆ. ನಮ್ಮ ಇಚ್ಛೆಯನ್ನು ಕೇಳದೆ ಎದೆ, ಹೊಟ್ಟೆ, ಬೆವರು, ರಕ್ತನಾಳಗಳನ್ನು ನಡೆಸುವ ನರಗಳು ಬೇರೆಯೇ ಇವೆಯಷ್ಟೆ. ವಿಷ ಆ ನರಗಳ ತೂಬುಗಳನ್ನು ಹಿಡಿದಾಗ ಅವು ಎಡೆಬಿಡದೆ ಸುದ್ದಿ ಕಳುಹಿಸತೊಡಗುತ್ತವೆ. ಮೊದಲು ಬೆವರು, ಜೊಲ್ಲು, ವಾಂತಿ. ಆಮೇಲೆ ನರಗಳ ತುದಿಯಿಂದಲೂ ಮೂತ್ರಪಿಂಡದ ಮೇಲಿರುವ ಗ್ರಂಥಿಗಳಿಂದಲೂ ಅಡ್ರಿನಲಿನ್ ಮೊದಲಾದ ರಸಗಳು ಪ್ರವಾಹದಂತೆ ಹೊರಬರುತ್ತವೆ. ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಕೈಕಾಲು ತಣ್ಣಗಾಗುತ್ತದೆ. ಬಿಗಿದ ನಾಳಗಳ ವಿರುದ್ಧ ರಕ್ತವನ್ನು ನೂಕಿ ನೂಕಿ ಹೃದಯ ದಣಿಯುತ್ತದೆ. ದಣಿದ ಹೃದಯದ ಹಿಂದೆ ರಕ್ತ ಒತ್ತರಿಸಿ, ಪುಪ್ಪುಸದಲ್ಲಿ ನೀರು ತುಂಬುತ್ತದೆ. ಬಾಯಲ್ಲಿ ಬರುವ ನಸುಗೆಂಪು ನೊರೆ ಆ ನೀರೇ. ಅಂದರೆ ಮಗು ಸತ್ತದ್ದು ನೋವಿನಿಂದಲ್ಲ. ಒಣನೆಲದ ನಡುವೆ, ತನ್ನ ಎದೆಯೊಳಗಿನ ನೀರಿನಲ್ಲಿಯೇ ಅವಳು ಮುಳುಗಿಹೋದಳು.

ಪ್ರಾಣಕ್ಕೆ ಎರವಾಗುವ ಕುಟುಕುಗಳಲ್ಲಿ ನೋವು ಕಡಿಮೆಯಿರುವುದೇ ಹೆಚ್ಚು; ಕುಟುಕಿದ ಜಾಗದಲ್ಲಿ ತಡೆಯಲಾರದ ಉರಿಯಿದ್ದು ಮೈಯಲ್ಲಿ ಬೇರೇನೂ ಇಲ್ಲದಿದ್ದರೆ ಭಯ ಕಡಿಮೆ. ತಣ್ಣನೆಯ ಬೆವರು, ತಣ್ಣನೆಯ ಕೈಕಾಲು, ವಾಂತಿ ಇವೇ ಎಚ್ಚರಿಕೆಯ ಗುರುತುಗಳು. ಇದನ್ನು ಕಂಡು ಹೇಳಿದವರು ದೊಡ್ಡ ನಗರದ ಪ್ರಾಧ್ಯಾಪಕರಲ್ಲ. ಮಹಾರಾಷ್ಟ್ರದ ಕೊಂಕಣದಲ್ಲಿ ಕೆಂಪು ಚೇಳಿನ ಕಾಟ ಬಹಳ. ಅಲ್ಲಿ ಚೇಳು ಕುಟುಕಿದವರ ಪುಪ್ಪುಸದಲ್ಲಿ ನೀರು ತುಂಬುವುದನ್ನು 1961ರಲ್ಲಿ ಮುಂಡಲೆ ಎಂಬ ವೈದ್ಯರು ಬರೆದು ತಿಳಿಸಿದ್ದರು. 1976ರಲ್ಲಿ ಮಹಾಡ್ ಬಳಿಯ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಿಮ್ಮತರಾವ್ ಬಾವಸ್ಕರ್ ಎಂಬ ತರುಣ ವೈದ್ಯರು ಬಂದರು. ಬಡ ರೈತರ ಮನೆಯಲ್ಲಿ ಹುಟ್ಟಿದವರು. ರೋಗಿಗಳ ಹಾಸಿಗೆಯ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತು ನಾಡಿ, ರಕ್ತದ ಒತ್ತಡ, ಬೆವರು ಎಲ್ಲವನ್ನೂ ಬರೆದಿಟ್ಟುಕೊಂಡರು. 1982ರಲ್ಲಿ ಅವರ ಕಂಡರಿಕೆ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ವಿಷ ನಾಳಗಳನ್ನು ಬಿಗಿಸುತ್ತದೆ ಎಂದಾದರೆ ಬಿಗಿಯನ್ನು ಸಡಿಲಿಸುವ ಮದ್ದು ಕೊಟ್ಟರೇನು ಎಂದು ಅವರು ಯೋಚಿಸಿದರು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆಯನ್ನು ಪ್ರಯೋಗಿಸಿದರು. 1986ರಲ್ಲಿ ಅದರ ಫಲವನ್ನು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲು ಹೀಗೆ ವಿಷವೇರಿ ಆಸ್ಪತ್ರೆಗೆ ಬಂದ ನೂರು ಜನರಲ್ಲಿ ಸುಮಾರು ಮೂವತ್ತು ಜನ ಸಾಯುತ್ತಿದ್ದರು. ಈ ಗುಳಿಗೆ ಬಂದ ಮೇಲೆ ಆ ಸಂಖ್ಯೆ ಮೂರಕ್ಕಿಂತ ಕೆಳಗಿಳಿಯಿತು.

ಮುಂಬಯಿಯ ಹಾಫ್‌ಕಿನ್ ಸಂಸ್ಥೆ ಕೆಂಪು ಚೇಳಿನ ವಿಷಕ್ಕೆ ಪ್ರತಿವಿಷವನ್ನೂ ತಯಾರಿಸಿತು. ಗುಳಿಗೆ ಒಂದನ್ನೇ ಕೊಟ್ಟರೆ ಮೇಲೋ, ಪ್ರತಿವಿಷವನ್ನೂ ಕೂಡಿಸಿ ಕೊಟ್ಟರೆ ಮೇಲೋ ಎಂದು ಬಾವಸ್ಕರ್ ದಂಪತಿಗಳು 70 ರೋಗಿಗಳಲ್ಲಿ ಹೋಲಿಸಿ ನೋಡಿದರು. 2011ರಲ್ಲಿ ಅದು ಪ್ರಕಟವಾಯಿತು. ಎರಡನ್ನೂ ಕೊಟ್ಟ 35 ಜನರಲ್ಲಿ 32 ಜನ ಹತ್ತು ಗಂಟೆಗಳಲ್ಲಿ ಚೇತರಿಸಿಕೊಂಡಿದ್ದರು. ಗುಳಿಗೆ ಮಾತ್ರ ಕೊಟ್ಟ 35 ಜನರಲ್ಲಿ 8 ಜನ. ನೆತ್ತರಿನಲ್ಲಿ ಇನ್ನೂ ಅಲೆಯುತ್ತಿರುವ ವಿಷದ ಕಣಗಳನ್ನು ಪ್ರತಿವಿಷ ಹಿಡಿದುಕೊಳ್ಳುತ್ತದೆ. ಗುಳಿಗೆ ಬಿಗಿದ ನಾಳಗಳನ್ನು ಸಡಿಲಿಸುತ್ತದೆ. ಒಂದು ಕಲ್ಲು ಎಸೆಯುವವನ ಕೈ ಹಿಡಿದಂತೆ, ಇನ್ನೊಂದು ಒಡೆದ ಏರಿಯನ್ನು ಕಾದಂತೆ. ಎರಡಕ್ಕೂ ಬೇಗ ಬರುವುದು ಮುಖ್ಯ. 2022ರಲ್ಲಿ ಬಾವಸ್ಕರ್ ಅವರಿಗೆ ಪದ್ಮಶ್ರೀ ಸಂದಿತು.

ಪ್ರಕೃತಿಯ ಇನ್ನೊಂದು ಚಮತ್ಕಾರವನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಮರುಭೂಮಿಯಲ್ಲಿ ಒಂದು ಜಾತಿಯ ಸಣ್ಣ ಇಲಿ ವಿಷದ ಚೇಳುಗಳನ್ನೇ ಹಿಡಿದು ತಿನ್ನುತ್ತದೆ. ಚೇಳು ಮುಖಕ್ಕೆ ಕುಟುಕಿದರೂ ಒಂದು ಸಲ ಮುಖ ಒರೆಸಿಕೊಂಡು ಊಟ ಮುಂದುವರಿಸುತ್ತದೆ. ಅದರ ನೋವಿನ ನರಗಳಲ್ಲಿರುವ ಒಂದು ಬಗೆಯ ಸೋಡಿಯಂ ತೂಬು ಮಾರ್ಪಾಟಾಗಿದ್ದು, ಚೇಳಿನ ವಿಷ ತಗುಲಿದರೆ ಅದು ತೆರೆಯುವ ಬದಲು ಮುಚ್ಚಿಕೊಳ್ಳುತ್ತದೆ ಎಂದು 2013ರಲ್ಲಿ ತಿಳಿದುಬಂತು. ವಿಷವೇ ಅದಕ್ಕೆ ನೋವಿನ ಮದ್ದು! ಮನುಷ್ಯನಲ್ಲಿ ಸೋಡಿಯಂ ತೂಬುಗಳು ಒಂಬತ್ತು ಬಗೆ. ಅವುಗಳಲ್ಲಿ ನೋವಿನವನ್ನು ಮಾತ್ರ ಮುಚ್ಚಿ, ಹೃದಯದವನ್ನು ಮುಟ್ಟದಿರುವ ಮದ್ದಿಗಾಗಿ ವಿಜ್ಞಾನಿಗಳು ಚೇಳು, ಜೇಡಗಳ ವಿಷವನ್ನು ಇಂದೂ ಶೋಧಿಸುತ್ತಿದ್ದಾರೆ.

ಈ ಚರಿತ್ರೆಯ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಒಂದು ಬಗೆಯ ಸಮಾಧಾನವೂ ಒಂದು ಬಗೆಯ ಸಂಕಟವೂ ಆಗುತ್ತದೆ. ತಂಗಿ ಹೋದದ್ದು ಅರುವತ್ತರ ದಶಕದಲ್ಲಿ. ಹಾಜ್‌ಕಿನ್, ಹಕ್ಸ್ಲಿ ತೂಬನ್ನು ಲೆಕ್ಕದಲ್ಲಿ ಕಂಡಾಗಿತ್ತು. ಪ್ರಾಜೋಸಿನ್ ಗುಳಿಗೆ ಚೇಳಿನ ವಿಷಕ್ಕೆ ಒದಗುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾಗಿತ್ತು. ಗಾಡಿ ಹೊತ್ತಿಗೆ ಸರಿಯಾಗಿ ಮುಟ್ಟಿದ್ದರೂ ಅಂದು ವೈದ್ಯರ ಕೈಯಲ್ಲಿ ಇದ್ದದ್ದು ಬೆವರು, ಜೊಲ್ಲು ನಿಲ್ಲಿಸುವ ಅಟ್ರೋಪಿನ್, ನೋವಿಗೆ ಮಾರ್ಫಿನ್, ಇಂಥವು. ಇಂಥ ರೋಗಿಗೆ ಅವುಗಳಿಂದ ಒಳಿತಿಗಿಂತ ಕೆಡುಕೇ ಹೆಚ್ಚು ಎಂದು ಮುಂದೆ ಗೊತ್ತಾಯಿತು. ಮಂತ್ರ ಹಾಕಿದ ದೊಡ್ಡಪ್ಪನಿಗೂ ಗೊತ್ತಿರಲಿಲ್ಲ, ಓದಿದವರಿಗೂ ಗೊತ್ತಿರಲಿಲ್ಲ. ಅವರ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದದ್ದಿಲ್ಲ. ಸಿಟ್ಟು ಬರುವುದು ಬುಗುರಿಗೆ ದಾರ ಸುತ್ತುತ್ತಿದ್ದ ಹುಡುಗನ ಮೇಲೆ. ನಡುರಾತ್ರಿ ಆ ತಣ್ಣನೆಯ ಕೈ ಮುಟ್ಟಿಯೂ ಯಾರನ್ನೂ ಎಬ್ಬಿಸದೆ ಕಂಬಳಿ ಹೊದಿಸಿ ಮಲಗಿದವನ ಮೇಲೆ. ಎಬ್ಬಿಸಿದ್ದರೂ ಉಳಿಯುತ್ತಿರಲಿಲ್ಲವೆಂದು ಪುಸ್ತಕಗಳು ಹೇಳುತ್ತವೆ. ಪುಸ್ತಕದ ಮಾತನ್ನು ಬುದ್ಧಿ ಒಪ್ಪುತ್ತದೆ.

ಕ್ಯಾತನಹಳ್ಳಿಗೆ ಈಗಲೂ ಆಗಾಗ ಹೋಗುತ್ತೇನೆ. ನಮ್ಮ ಮಣ್ಣುಗೋಡೆ ಬಿದ್ದು ತಾರಸಿ ಮನೆ ಎದ್ದಿದೆ. ಬೆರಣಿ ಒಟ್ಟುತ್ತಿದ್ದ ಜಾಗದಲ್ಲಿ ಸ್ನಾನದ ಮನೆಯಿದೆ. ಚೇಳುಗಳು ಎಲ್ಲಿಗೂ ಹೋಗಿಲ್ಲ. ಕಲ್ಲಿನ ಸಂದಿಯಲ್ಲಿ, ಕಬ್ಬಿನ ತರಗಿನಲ್ಲಿ, ಇಟ್ಟಿಗೆಯ ರಾಶಿಯಲ್ಲಿ ಇದ್ದೇ ಇವೆ. ಬೆನ್ನ ಮೇಲೆ ಮರಿಗಳನ್ನು ಹೊತ್ತು ಸಾಗುವ ತಾಯಿಚೇಳನ್ನು ಕಂಡರೆ ಕೊಲ್ಲಲು ನನಗೆ ಮನಸ್ಸು ಬರುವುದಿಲ್ಲ. ಅದರ ಕೊಂಡಿ ಮಾಡಿಟ್ಟದ್ದು ನಮಗಾಗಿ ಅಲ್ಲ, ಜಿರಲೆ ಮಿಡತೆಗಳಿಗಾಗಿ. ಮಂತ್ರ ಹಾಕಿಸುವವರನ್ನೂ ನಾನು ತಡೆಯುವುದಿಲ್ಲ. ಗಾಡಿಯಲ್ಲಿ ಆಸ್ಪತ್ರೆಗೆ ಹೋಗುತ್ತಾ ದಾರಿಯಲ್ಲಿ ಹಾಕಿಸಿಕೊಳ್ಳಿ ಎನ್ನುತ್ತೇನೆ. ಮಕ್ಕಳಿರುವ ಮನೆಯವರಿಗೆ ಒಂದೇ ಮಾತು ಹೇಳಿ ಬರುತ್ತೇನೆ. ಚೇಳು ಕುಟುಕಿದ ಮಗು ಅಳು ನಿಲ್ಲಿಸಿತೆಂದು ದೀಪ ಆರಿಸಬೇಡಿ. ಕೈ ಮುಟ್ಟಿ ನೋಡಿ.